ವಾಲಿದ ಗೋಡೆಯ ನೋಟೀಸು ಯಾರಿಗೆ?

ಮಳೆಗಾಲ ಬಂತೆಂದರೆ ಕಲಬುರಗಿ ಜಿಲ್ಲೆಯ ಹಳೆಯ ಪಟ್ಟಣಗಳಲ್ಲಿ ಗೋಡೆಗಳು ಕುಸಿಯತೊಡಗುತ್ತವೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅಧಿಕಾರಿಗಳು ಭೇಟಿ ನೀಡುತ್ತಾರೆ, ಪಂಚನಾಮೆ ನಡೆಯುತ್ತದೆ, ಪರಿಹಾರದ ಮೊತ್ತ ಘೋಷಣೆಯಾಗುತ್ತದೆ. ಅದಾದ ಬಳಿಕ ಶಿಥಿಲ ಕಟ್ಟಡಗಳ ಪಟ್ಟಿ ತಯಾರಿಸಬೇಕೆಂಬ ಆದೇಶ ಹೊರಡುತ್ತದೆ. ಗೋಡೆ ಬೀಳುವ ಮೊದಲು ಹೊರಡಬೇಕಾಗಿದ್ದ ಆದೇಶ ಹೆಣ ಎತ್ತಿದ ಮೇಲೆ ಹೊರಡುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಸ್ಥಳೀಯಾಡಳಿತಕ್ಕೆ ಒಪ್ಪುವಷ್ಟು ಇನ್ನಾರಿಗೂ ಒಪ್ಪದು.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಪುರಸಭೆಗಳಿವೆ. ಶಹಾಬಾದಿನಲ್ಲಿ ನಗರಸಭೆ ಇದೆ. ನಿಜಾಮರ ಕಾಲದಲ್ಲಿ ಬಲ್ದಿಯಾ ಎನಿಸಿಕೊಂಡಿದ್ದ ಈ ಸಂಸ್ಥೆಯ ಹೆಸರು ಬದಲಾಗಿದೆ, ಕಾನೂನು ಬದಲಾಗಿದೆ. ಬದಲಾಗದೆ ಉಳಿದಿರುವುದು ಒಂದು ಪ್ರಶ್ನೆ: ಪಟ್ಟಣದ ಉಪದ್ರವಗಳನ್ನು ನಿವಾರಿಸುವ ಅಧಿಕಾರವನ್ನು ಇದು ಯಾರ ಮೇಲೆ ಚಲಾಯಿಸುತ್ತದೆ, ಯಾರ ಮುಂದೆ ಮರೆತುಬಿಡುತ್ತದೆ?

ಈ ಐದೂ ಪಟ್ಟಣಗಳ ಸುತ್ತಲಿನ ಬದುಕನ್ನು ರೂಪಿಸಿದ್ದು ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ಅದು ದೇಶದ ಅಸಂಖ್ಯ ಮನೆ, ಮಸೀದಿ, ಮಂದಿರ, ರೈಲು ನಿಲ್ದಾಣಗಳ ನೆಲಹಾಸಾಗಿದೆ. ವಾಡಿಯಲ್ಲಿ 1968ರಲ್ಲಿ ಸಿಮೆಂಟು ಕಾರ್ಖಾನೆ ಬಂತು. ಸೇಡಂ ಮತ್ತು ಮಳಖೇಡದಲ್ಲಿಯೂ ಬೃಹತ್ ಕಾರ್ಖಾನೆಗಳು ಎದ್ದವು. ಆದರೆ ದೇಶಕ್ಕೆ ಸಿಮೆಂಟು ಕೊಟ್ಟ ಈ ನಾಡಿನ ಬಡವರ ಓಣಿಗಳಲ್ಲಿ ಇಂದಿಗೂ ಕೆಸರುಮಣ್ಣಿನಿಂದ ಕಲ್ಲು ಜೋಡಿಸಿದ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಉಳಿದಿವೆ. ಮಾಳಿಗೆ ಸೋರಿದಾಗಲೆಲ್ಲ ಅದರ ಮೇಲೆ ಮತ್ತೊಂದು ಪದರ ಮಣ್ಣು ಹಾಕುತ್ತಾರೆ. ವರ್ಷದಿಂದ ವರ್ಷಕ್ಕೆ ಭಾರ ಹೆಚ್ಚುತ್ತದೆ. ಮಳೆ ಹಿಡಿದಾಗ ಆ ಮಣ್ಣೆಲ್ಲ ನೀರು ಕುಡಿದು ಇಮ್ಮಡಿ ತೂಗುತ್ತದೆ, ಗೋಡೆಯ ಸಂದಿನ ಕೆಸರು ಕರಗುತ್ತದೆ, ಗೋಡೆ ಹೊಟ್ಟೆಬಿಟ್ಟು ಹೊರಕ್ಕೆ ವಾಲುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆಯೂ ಕಾಗಿಣೆಯೂ ಉಕ್ಕಿ ಹರಿದಾಗ ಇಂತಹ ಮನೆಗಳು ಎಷ್ಟು ದುರ್ಬಲವೆಂಬುದು ಜಿಲ್ಲೆಗೇ ಕಂಡಿತು. ಗೋಡೆ ಒಂದೇ ರಾತ್ರಿಯಲ್ಲಿ ಬೀಳುತ್ತದೆ, ನಿಜ. ಆದರೆ ಅದು ವಾಲುವುದು ಹಲವು ವರ್ಷ, ಎಲ್ಲರ ಕಣ್ಣೆದುರಿನಲ್ಲಿ.

ಉಪದ್ರವಗಳು ಗೋಡೆಗೆ ಮುಗಿಯುವುದಿಲ್ಲ. ಕಲ್ಲು ಪಾಲಿಷ್ ಮಾಡುವ ಘಟಕಗಳಿಂದ ಹೊರಬೀಳುವ ಬಿಳಿಯ ರಾಡಿ ಚರಂಡಿ ಸೇರಿದರೆ ಒಣಗಿ ಗಟ್ಟಿಯಾಗುತ್ತದೆ. ಆಗ ಕೊಳಚೆ ನೀರು ಗಲ್ಲಿಗೆ ಹರಿಯುತ್ತದೆ. ಕಲ್ಲು ತೆಗೆದು ಕೈಬಿಟ್ಟ ಖಣಿಗಳು ಮಳೆನೀರು ತುಂಬಿಕೊಂಡು ಬೇಲಿಯಿಲ್ಲದೆ ಬಾಯ್ದೆರೆದು ನಿಂತರೆ ಆಟವಾಡಲು ಹೋದ ಮಕ್ಕಳಿಗೆ ಅವು ಮೃತ್ಯುಕೂಪಗಳು. ಕಾರ್ಖಾನೆಗಳ ನೆರೆಯಲ್ಲಿ ಧೂಳು, ಸಂತೆಯ ಬದಿಯಲ್ಲಿ ಕೊಳೆತ ರಾಶಿ, ಬಯಲಿಗೆ ಎಸೆದ ಮಾಂಸದ ತ್ಯಾಜ್ಯ, ಅದನ್ನು ಎಳೆದಾಡುವ ನಾಯಿಗಳು. ಇವೆಲ್ಲದರ ಹೊರೆ ಮೊದಲು ಬೀಳುವುದು ಮನೆಯೊಳಗಿನ ಹೆಂಗಸರ ಮೇಲೆ. ಅಂಗಳಕ್ಕೆ ನುಗ್ಗಿದ ಚರಂಡಿ ನೀರನ್ನು ಬಳಿದು ಹಾಕುವವಳು ಅವಳು. ಜ್ವರ ಬಂದ ಮಗುವನ್ನು ಹೊತ್ತು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವಳೂ ಅವಳೇ.

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. ಆದರೆ ಸಣ್ಣ ಪಟ್ಟಣಗಳಲ್ಲಿ ಅದು ಮೊದಲು ತಲಪುವುದು ಯಾರನ್ನು? ತಳ್ಳುಗಾಡಿಯಲ್ಲಿ ಹಣ್ಣು ಮಾರುವವನನ್ನು, ರಸ್ತೆ ಬದಿಯ ಚಹಾದಂಗಡಿಯವನನ್ನು, ಸರಕಾರಿ ಜಾಗದ ಗುಡಿಸಲಿನವನನ್ನು. ಬೀದಿ ವ್ಯಾಪಾರಿಗಳನ್ನು ಸಮೀಕ್ಷೆ ನಡೆಸದೆ ಎಬ್ಬಿಸಬಾರದೆಂದು 2014ರ ಕಾಯ್ದೆ ಹೇಳಿದ್ದರೂ ಗಾಡಿ ಎತ್ತಿಕೊಂಡು ಹೋಗುವುದಕ್ಕೆ ಹತ್ತು ನಿಮಿಷ ಸಾಕು. ಅದೇ ಕಾನೂನು ಹತ್ತಾರು ಮನೆಗಳನ್ನು ಬಾಡಿಗೆಗೆ ಕೊಟ್ಟು ಒಂದು ಶೌಚಾಲಯವನ್ನೂ ಕಟ್ಟಿಸದ ಮಾಲೀಕನ ಬಾಗಿಲಿಗೆ ಬರುವಾಗ ಕಾಲೆಳೆಯುತ್ತದೆ. ಖಣಿಯ ಒಡೆಯನ ಮುಂದೆ ಧ್ವನಿ ತಗ್ಗಿಸುತ್ತದೆ. ಉಪದ್ರವದ ಕರ್ತೃ ಸ್ವತಃ ಪುರಸಭೆಯೇ ಆಗಿದ್ದರೆ, ಅದು ತೆಗೆಸದ ಹೂಳಿನಿಂದಲೇ ಗಲ್ಲಿ ಕೊಳಚೆಯಾಗಿದ್ದರೆ, ನೋಟೀಸು ಬರೆಯುವ ಲೇಖನಿಯಲ್ಲಿ ಮಸಿಯೇ ಇರುವುದಿಲ್ಲ!

ಈ ವಿಷಯದಲ್ಲಿ ಇಸ್ಲಾಮೀ ಕರ್ಮಶಾಸ್ತ್ರ ಏನು ಹೇಳುತ್ತದೆಂಬುದನ್ನು ನಮ್ಮ ಎಷ್ಟು ಕುಟುಂಬಗಳು ಬಲ್ಲವು? ಇಮಾಮ್ ಮರ್ಗೀನಾನಿಯವರ ಹಿದಾಯಾ ಎಂಬ ಹನಫೀ ಗ್ರಂಥ ಎಂಟು ಶತಮಾನಗಳಿಗಿಂತಲೂ ಹಳೆಯದು. ವಾಲಿದ ಗೋಡೆಗೆಂದೇ ಅದರಲ್ಲಿ ಒಂದು ಭಾಗವಿದೆ. ಅದರ ಸಾರವೇನೆಂದರೆ, ಒಬ್ಬನ ಗೋಡೆ ಸಾರ್ವಜನಿಕ ದಾರಿಯ ಕಡೆಗೆ ವಾಲಿದ್ದು, ಅದನ್ನು ಕೆಡವಬೇಕೆಂದು ಅವನಿಗೆ ಸಾಕ್ಷಿ ಸಮೇತ ತಿಳಿಸಿದ ಮೇಲೂ, ಕೆಡವಲು ಸಾಧ್ಯವಿದ್ದಷ್ಟು ಸಮಯ ಸಿಕ್ಕ ಮೇಲೂ, ಅವನು ಸುಮ್ಮನಿದ್ದರೆ ಆ ಗೋಡೆಯಿಂದಾಗುವ ಪ್ರಾಣಹಾನಿ ಮತ್ತು ಆಸ್ತಿಹಾನಿಗೆ ಅವನೇ ಹೊಣೆ. ಅಂದರೆ ತಿಳುವಳಿಕೆ ನೀಡುವುದು, ಕಾಲಾವಕಾಶ ಕೊಡುವುದು, ಅನಂತರ ಹೊಣೆ ಹೊರಿಸುವುದು. ಇಂದಿನ ನ್ಯಾಯಾಲಯಗಳು ಬಯಸುವ ಕ್ರಮವೂ ಇದೇ.

ಆ ವಿಧಿಯ ಒಳವಿವರಗಳು ಇನ್ನೂ ಅರ್ಥಪೂರ್ಣ. ತಗಾದೆ ಮಾಡಬೇಕಾದುದು ಗೋಡೆಯನ್ನು ಕೆಡವುವ ಅಧಿಕಾರವುಳ್ಳವನೊಡನೆ. ಮನೆಯನ್ನು ಅಡವು ಹಿಡಿದವನಿಗೆ ಅಥವಾ ಬಾಡಿಗೆಗೆ ಇರುವವನಿಗೆ ಮಾಡಿದ ತಗಾದೆಯಿಂದ ಹೊಣೆ ಹುಟ್ಟುವುದಿಲ್ಲ. ಆದರೆ ನೆರೆಯವನ ಗೋಡೆ ಒಂದು ಮನೆಯ ಮೇಲೆ ವಾಲಿದ್ದರೆ ಆ ಮನೆಯಲ್ಲಿ ವಾಸವಿರುವವರು, ಒಡೆಯರಲ್ಲದಿದ್ದರೂ, ಅದನ್ನು ತೆಗೆಯೆಂದು ಕೇಳಬಹುದು. ಇನ್ನು ಸಾರ್ವಜನಿಕ ದಾರಿಯ ವಿಷಯದಲ್ಲಿ ಮುಸ್ಲಿಮನೂ ಕೇಳಬಹುದು, ಮುಸ್ಲಿಮೇತರನೂ ಕೇಳಬಹುದು. ಏಕೆಂದರೆ ದಾರಿಯಲ್ಲಿ ನಡೆಯುವ ಹಕ್ಕಿನಲ್ಲಿ ಎಲ್ಲ ಮನುಷ್ಯರೂ ಪಾಲುದಾರರು. ಮೊದಲಿನಿಂದಲೇ ದಾರಿಯ ಮೇಲೆ ವಾಲಿಸಿ ಕಟ್ಟಿದ ಗೋಡೆಗೆ ಮುನ್ಸೂಚನೆಯೂ ಬೇಕಿಲ್ಲ. ಕಟ್ಟಿದ್ದೇ ಅತಿಕ್ರಮಣವಾದ್ದರಿಂದ ಕಟ್ಟಿದವನು ಆರಂಭದಿಂದಲೇ ಹೊಣೆಗಾರ. ಎಂಟು ಶತಮಾನಗಳ ಹಿಂದೆ ಬರೆದಿಟ್ಟ ಈ ವಿವೇಕವನ್ನು ನಮ್ಮ ಪುರಸಭೆಗಳ ಕಡತಗಳಲ್ಲಿ ಹುಡುಕಿದರೆ ಸಿಕ್ಕೀತೇ? ದುರ್ಬಲನಾದ ಬಾಡಿಗೆದಾರನಿಗೆ ಮನೆ ಖಾಲಿ ಮಾಡೆಂದು ಹೇಳಿ, ರಿಪೇರಿ ಮಾಡಬೇಕಾದ ಒಡೆಯನನ್ನು ಬಿಟ್ಟುಬಿಡುವುದು ನೋಟೀಸು ಅಲ್ಲ, ಅದು ನೋಟೀಸಿನ ವೇಷ ತೊಟ್ಟ ಅನ್ಯಾಯ.

ಇನ್ನು ನೆಲದ ಕಾನೂನನ್ನು ನೋಡೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿ ಮುಂದುವರಿದಿದೆ. ಸಾರ್ವಜನಿಕ ಸ್ಥಳದ ಉಪದ್ರವವನ್ನು ತೆಗೆಯಲು, ಜನರ ಆರೋಗ್ಯಕ್ಕೆ ಹಾನಿಕರವಾದ ಉದ್ಯಮವನ್ನು ನಿಲ್ಲಿಸಲು ಅಥವಾ ನಿಯಂತ್ರಿಸಲು, ಬೀಳುವಂತಿರುವ ಕಟ್ಟಡವನ್ನು ಕೆಡವಲು, ದುರಸ್ತಿ ಮಾಡಲು ಅಥವಾ ಅದಕ್ಕೆ ಆಸರೆ ಕೊಡಲು, ದಾರಿಯ ಪಕ್ಕದ ಬಾವಿ ಹಾಗೂ ಅಗೆದ ಗುಂಡಿಗಳಿಗೆ ಬೇಲಿ ಹಾಕಿಸಲು ಷರತ್ತುಬದ್ಧ ಆದೇಶ ಹೊರಡಿಸುವ ಅಧಿಕಾರ ಅದರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕಲಬುರಗಿಗೂ ಹೋಗಬೇಕಾಗಿಲ್ಲ. ಉಪವಿಭಾಗಾಧಿಕಾರಿಯವರ ಕಚೇರಿ ಸೇಡಂನಲ್ಲಿಯೇ ಇದೆ. ವಾಲಿದ ಗೋಡೆಗೂ ಬೇಲಿಯಿಲ್ಲದ ಖಣಿಗೂ ಇದಕ್ಕಿಂತ ನೇರವಾದ ಕಾನೂನು ಇನ್ನೊಂದಿಲ್ಲ. ಬಳಸುವವರು ಇಲ್ಲ, ಅಷ್ಟೆ.

ಪುರಸಭೆಯ ಸಿದ್ಧ ಉತ್ತರ ಅನುದಾನವಿಲ್ಲ ಎಂಬುದು. ಈ ಉತ್ತರವನ್ನು ಸುಪ್ರೀಂ ಕೋರ್ಟು 1980ರಲ್ಲಿಯೇ ತಳ್ಳಿಹಾಕಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ನಿವಾಸಿಗಳು ತೆರೆದ ಚರಂಡಿ, ಮಲಮೂತ್ರ ಮತ್ತು ಮದ್ಯಸಾರದ ಕಾರ್ಖಾನೆಯ ಕೊಳಚೆಯಿಂದ ಬೇಸತ್ತು ದಂಡಾಧಿಕಾರಿಯ ಮೊರೆಹೊಕ್ಕರು. ಚರಂಡಿ ಕಟ್ಟಿಸಬೇಕೆಂದು ಆದೇಶವಾಯಿತು. ಹಣವಿಲ್ಲವೆಂದು ಪುರಸಭೆ ದಿಲ್ಲಿಯವರೆಗೂ ಹೋರಾಡಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಜುಲೈ 29ರಂದು ನೀಡಿದ ತೀರ್ಪಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. ಜನರ ಆರೋಗ್ಯ ಮತ್ತು ಘನತೆಯನ್ನು ಕಾಪಾಡುವ ಶಾಸನಬದ್ಧ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗದೆಂಬುದು ಅದರ ತಿರುಳು. ಈ ಹೋರಾಟ ನಡೆಸಿದವರು ಮಹಾನಗರದ ಶ್ರೀಮಂತರಲ್ಲ. ಚಿತ್ತಾಪುರ, ಶಹಾಬಾದ್‌ಗಳ ಓಣಿಯವರಂತಹ ಸಾಮಾನ್ಯರು.

ಆದರೂ ನಮ್ಮ ಮೊಹಲ್ಲಾಗಳಲ್ಲಿ ಅರ್ಜಿ ಬರೆಯುವ ಕೈಗಳು ನಡುಗುತ್ತವೆ. ಅದಕ್ಕೆ ಕಾರಣವಿಲ್ಲದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಅಕ್ರಮ ಕಟ್ಟಡ ಎಂಬ ಪದ ಈ ದೇಶದಲ್ಲಿ ಬೇರೆಯೇ ಅರ್ಥ ಪಡೆದುಕೊಂಡಿದೆ. 2022ರ ಏಪ್ರಿಲಿನಲ್ಲಿ ಖರ್ಗೋನ್ ಮತ್ತು ದಿಲ್ಲಿಯ ಜಹಾಂಗೀರ್‌ಪುರಿಗಳಲ್ಲಿ ಗಲಭೆಯ ಬೆನ್ನಿಗೇ ಬುಲ್ಡೋಜರುಗಳು ಬಂದವು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ಬೆಂಗಳೂರಿನ ಬೆಳ್ಳಂದೂರು ಸಮೀಪ ಬಾಂಗ್ಲಾದೇಶೀಯರೆಂಬ ಆರೋಪದ ಮೇಲೆ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಹೋದವರೂ ಇದ್ದರು! ರಾಜ್ಯದ ಹೈಕೋರ್ಟು ಮಧ್ಯಪ್ರವೇಶಿಸಿ ತಡೆಯಬೇಕಾಯಿತು. ಇಂತಹ ದೃಶ್ಯಗಳನ್ನು ಕಂಡ ಬಡ ಮುಸ್ಲಿಮ್ ಕುಟುಂಬವೊಂದು, ಚರಂಡಿ ಸರಿಪಡಿಸಿ ಎಂದು ಕೇಳಿದರೆ ನಿಮ್ಮ ಮನೆಯ ದಾಖಲೆ ತೋರಿಸಿ ಎಂದಾರೆಂದು ಹೆದರಿ ಕೊಳಚೆಯೊಂದಿಗೆ ರಾಜಿಯಾದರೆ ಅದನ್ನು ಉದಾಸೀನವೆಂದು ಹಳಿಯುವುದು ಸುಲಭವಲ್ಲ.

ಆದರೆ ಭೀತಿಗೆ ಉತ್ತರ ಮೌನವಲ್ಲ, ಕಾನೂನಿನ ಅರಿವು. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಕೆ. ವಿ. ವಿಶ್ವನಾಥನ್ ಅವರ ಪೀಠ ನೀಡಿದ ತೀರ್ಪನ್ನು ಪ್ರತಿಯೊಂದು ಮಸೀದಿಯ ಫಲಕದಲ್ಲಿ ಅಂಟಿಸಬೇಕು. ಆರೋಪಿಯೆಂಬ ಕಾರಣಕ್ಕೆ, ಅಪರಾಧಿಯೆಂಬ ಕಾರಣಕ್ಕೂ, ಯಾರ ಮನೆಯನ್ನೂ ಕೆಡವುವಂತಿಲ್ಲ. ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟೀಸು ನೀಡಬೇಕು. ಅದನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಖುದ್ದು ಅಹವಾಲು ಕೇಳಬೇಕು, ಕಾರಣ ಸಹಿತ ಆದೇಶ ನೀಡಬೇಕು, ಆದೇಶದ ಬಳಿಕ ಮತ್ತೆ 15 ದಿನ ಕಾಯಬೇಕು. ಇದನ್ನು ಮೀರಿದ ಅಧಿಕಾರಿ ಕೆಡವಿದ್ದನ್ನು ಸ್ವಂತ ಹಣದಿಂದ ಕಟ್ಟಿಸಿಕೊಡಬೇಕಾದೀತು. ಹಾಗೆಂದು ಇದು ಅತಿಕ್ರಮಣಕ್ಕೆ ಪರವಾನಿಗೆಯಲ್ಲ. ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿ, ನದಿ ಮುಂತಾದ ಸಾರ್ವಜನಿಕ ಸ್ಥಳಗಳ ಅನಧಿಕೃತ ನಿರ್ಮಾಣಗಳಿಗೆ ಈ ರಕ್ಷಣೆ ಇಲ್ಲವೆಂದು ಕೋರ್ಟು ಸ್ಪಷ್ಟಪಡಿಸಿದೆ.

ವಾಸಯೋಗ್ಯವಲ್ಲದ ಮನೆಯ ಬಗೆಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾನೂನೇ ಇದೆ. 1973ರ ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನ ಕಾಯ್ದೆಯ ಹೆಸರಿನಲ್ಲಿ ಅಭಿವೃದ್ಧಿ ಮೊದಲು ಬರುತ್ತದೆ, ನಿರ್ಮೂಲನ ಆಮೇಲೆ ಬರುತ್ತದೆ. ಆಡಳಿತ ಈ ಕ್ರಮವನ್ನು ನೆನಪಿಡಬೇಕು. ಶಿಥಿಲತೆ, ಇಕ್ಕಟ್ಟು, ಗಾಳಿ ಬೆಳಕಿನ ಅಭಾವ, ನೈರ್ಮಲ್ಯದ ಕೊರತೆಗಳಿಂದ ಒಂದು ಓಣಿ ಮನುಷ್ಯ ವಾಸಕ್ಕೆ ತಕ್ಕುದಲ್ಲವೆಂದಾದರೆ ಅದನ್ನು ಕೊಳಚೆ ಪ್ರದೇಶವೆಂದು ಘೋಷಿಸಿ ನೀರು, ಚರಂಡಿ, ಶೌಚಾಲಯ, ದಾರಿದೀಪ ಒದಗಿಸುವ ಮಾರ್ಗ ಅದರಲ್ಲಿದೆ. ಘೋಷಣೆಯೆಂದರೆ ಅವಮಾನವೆಂದು ಭಾವಿಸಿ ಬೇಡವೆನ್ನುವವರಿದ್ದಾರೆ. ನಿಜವಾಗಿ ಅದು ಅಲ್ಲಿಯ ನಿವಾಸಿಗಳಿಗೆ ದೊರೆಯುವ ಒಂದು ರಕ್ಷಣೆ. 2025ರಲ್ಲಿ ಸರಕಾರ ಅನಧಿಕೃತ ಬಡಾವಣೆಗಳ ನಿವೇಶನಗಳಿಗೂ ಬಿ-ಖಾತಾ ನೀಡುವ ಅಭಿಯಾನ ಹಮ್ಮಿಕೊಂಡಿತು. ಖಾತಾ ಎಂದರೆ ತೆರಿಗೆಯ ರಸೀದಿ ಮಾತ್ರವಲ್ಲ. ನಾಳೆ ನೋಟೀಸು ಯಾರ ಹೆಸರಿಗೆ ಬರಬೇಕು, ವಸತಿ ಯೋಜನೆಯ ನೆರವು ಯಾರಿಗೆ ದೊರೆಯಬೇಕು ಎಂಬುದಕ್ಕೂ ಅದೇ ಆಧಾರ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತಿರುಗಲೇಬೇಕು. ನಿರ್ಮಲತೆಯನ್ನು ಅರ್ಧ ವಿಶ್ವಾಸವೆಂದೂ ದಾರಿಯಲ್ಲಿರುವ ತೊಡಕನ್ನು ಸರಿಸುವುದು ವಿಶ್ವಾಸದ ಒಂದು ಶಾಖೆಯೆಂದೂ ಕಲಿಸಿದವರು ಪ್ರವಾದಿ ಮುಹಮ್ಮದ್(ಸ). ಆ ಪ್ರವಾದಿಯ ಅನುಯಾಯಿಗಳ ಓಣಿಯನ್ನು ಮೂಗು ಮುಚ್ಚಿಕೊಂಡು ದಾಟಬೇಕಾದ ಸ್ಥಿತಿ ಇದ್ದರೆ ಅದಕ್ಕೆ ಪುರಸಭೆ ಮಾತ್ರ ಕಾರಣವೇ? ಚರಂಡಿಯ ಮೇಲೆ ಮನೆಯ ಮೆಟ್ಟಿಲು ಕಟ್ಟಿ ಪೌರಕಾರ್ಮಿಕನ ಸಲಿಕೆಗೆ ಜಾಗವಿಲ್ಲದಂತೆ ಮಾಡಿದವರಾರು? ಬಕ್ರೀದ್‌ನ ತ್ಯಾಜ್ಯವನ್ನು ಹೂಳದೆ ಬಯಲಿಗೆಸೆದು ಒಂದು ಪವಿತ್ರ ಆರಾಧನೆಯನ್ನು ನೆರೆಯವರ ಅಸಹ್ಯಕ್ಕೆ ಗುರಿಮಾಡುವವರಾರು? ಮದುವೆಯ ಶಾಮಿಯಾನಾ ಹಾಕಿ ರಸ್ತೆಯನ್ನೇ ಮುಚ್ಚುವವರು, ರಾತ್ರಿ 10ರ ಬಳಿಕ ಧ್ವನಿವರ್ಧಕ ಬಳಸಬಾರದೆಂಬ 2000ದ ನಿಯಮಗಳು ತಮಗೆ ಅನ್ವಯಿಸುವುದಿಲ್ಲವೆಂದು ತಿಳಿದವರು, ರೋಗಿಯ ಪ್ರಾಣಕ್ಕಿಂತ ತಮ್ಮ ಸಂಭ್ರಮ ದೊಡ್ಡದೆಂದು ಭಾವಿಸಿದಂತಲ್ಲವೇ?

ಎಲ್ಲಕ್ಕಿಂತ ಕಹಿಯಾದ ಪ್ರಶ್ನೆ ವಕ್ಫ್ ಕಟ್ಟಡಗಳದ್ದು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸಿ ನಾವು ಬೀದಿಗಿಳಿದೆವು. ಆ ವಿರೋಧ ನ್ಯಾಯಯುತವಾದದ್ದೇ. ಆದರೆ ಬಿರುಕುಬಿಟ್ಟ ವಕ್ಫ್ ಮನೆಯಲ್ಲಿ ವಿಧವೆಯೊಬ್ಬಳು ಮಕ್ಕಳೊಂದಿಗೆ ಮಲಗುತ್ತಿದ್ದರೆ ಆ ಗೋಡೆಗೆ ಆಸರೆ ಕೊಡಬೇಕೆಂದು ಮುತವಲ್ಲಿಯನ್ನು ಕೇಳಿದವರೆಷ್ಟು ಮಂದಿ? ಅಲ್ಪ ಬಾಡಿಗೆ ಕೊಟ್ಟು ವಕ್ಫ್ ಮಳಿಗೆ ಹಿಡಿದುಕೊಂಡು, ರಿಪೇರಿಗೆ ಹಣವಿಲ್ಲದಂತೆ ಮಾಡಿರುವ ನಮ್ಮದೇ ಅನುಕೂಲಸ್ಥರನ್ನು ಪ್ರಶ್ನಿಸಿದವರೆಷ್ಟು ಮಂದಿ? ಹಿದಾಯಾದ ವಿಧಿ ಮುತವಲ್ಲಿಗೆ ರಿಯಾಯಿತಿ ನೀಡುವುದಿಲ್ಲ. ಅಧಿಕಾರ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ.

ಇಸ್ಲಾಮೀ ನಾಗರಿಕತೆ ಇದಕ್ಕೊಂದು ವ್ಯವಸ್ಥೆಯನ್ನೇ ರೂಪಿಸಿತ್ತು. ಮುಹ್ತಸಿಬ್ ಎಂಬ ಅಧಿಕಾರಿ ಸಂತೆಯ ತೂಕವನ್ನೂ ದಾರಿಯ ಅತಿಕ್ರಮಣವನ್ನೂ ನೋಡಿಕೊಳ್ಳುತ್ತಿದ್ದ. ಹನ್ನೊಂದನೆಯ ಶತಮಾನದ ಬಗ್ದಾದಿನ ವಿದ್ವಾಂಸ ಮಾವರ್ದಿಯವರು ಆತನ ಕರ್ತವ್ಯಗಳನ್ನು ವಿವರಿಸುತ್ತ, ಊರಿನ ನೀರಿನ ವ್ಯವಸ್ಥೆ ಕೆಟ್ಟರೆ ಅದನ್ನು ಸಾರ್ವಜನಿಕ ಖಜಾನೆಯಿಂದ ಸರಿಪಡಿಸಬೇಕು, ಖಜಾನೆ ಬರಿದಾಗಿದ್ದರೆ ಆ ಹೊಣೆ ಊರಿನ ಉಳ್ಳವರ ಮೇಲೆ ಬೀಳುತ್ತದೆ ಎನ್ನುತ್ತಾರೆ. ಜೊತೆಗೆ ಜನರ ಮನೆಯೊಳಗಿನ ಗುಟ್ಟನ್ನು ಕೆದಕುವ ಅಧಿಕಾರ ಅವನಿಗಿಲ್ಲವೆಂದೂ ಎಚ್ಚರಿಸುತ್ತಾರೆ. ಬೀದಿಯ ಹಿತ ಕಾಯಬೇಕು, ಮನೆಯ ಮಾನವನ್ನೂ ಉಳಿಸಬೇಕು. ಉಪದ್ರವ ನಿವಾರಣೆಯ ಹೆಸರಿನಲ್ಲಿ ಬಡವನ ಮನೆಗೆ ನುಗ್ಗುವ ಅಧಿಕಾರಿಗೆ ಇದಕ್ಕಿಂತ ಉತ್ತಮ ಪಾಠ ಬೇಕಿಲ್ಲ.

ಹಾಗಾದರೆ ಆಗಬೇಕಾದುದೇನು? ಪ್ರತಿವರ್ಷ ಏಪ್ರಿಲ್ ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನವೇ, ಐದೂ ಪಟ್ಟಣಗಳಲ್ಲಿ ವಾರ್ಡುವಾರು ಸಮೀಕ್ಷೆ ನಡೆಸಿ ಅಪಾಯಕಾರಿ ಮನೆ, ಶಾಲೆ, ಖಣಿಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಸರಕಾರಿ ಕಟ್ಟಡಗಳೂ ಆ ಪಟ್ಟಿಯಲ್ಲಿರಬೇಕು. ನೋಟೀಸು ರಿಪೇರಿಯ ಶಕ್ತಿಯುಳ್ಳ ಒಡೆಯನಿಗೆ ಹೋಗಬೇಕು. ಒಡೆಯನೇ ಬಡವನಾಗಿದ್ದರೆ ನೋಟೀಸಿನೊಂದಿಗೆ ವಸತಿ ಯೋಜನೆಯ ಅರ್ಜಿಯೂ ಅವನ ಕೈಸೇರಬೇಕು, ಮಳೆ ಮುಗಿಯುವವರೆಗೆ ತಂಗಲು ಒಂದು ಸಮುದಾಯ ಭವನ ತೆರೆದಿರಬೇಕು. ನೆರವಿಲ್ಲದ ನೋಟೀಸು ಬಡವನಿಗೆ ಮತ್ತೊಂದು ಶಿಕ್ಷೆ. ರಾಡಿ ಹರಿಸುವ ಘಟಕ, ಬೇಲಿ ಹಾಕದ ಖಣಿ, ಧೂಳು ಹಬ್ಬಿಸುವ ಕಾರ್ಖಾನೆಗಳ ಬಗ್ಗೆ ಪುರಸಭೆಗಳು ಮಾಲಿನ್ಯ ನಿಯಂತ್ರಣ ಮಂಡಳಿಗೆ ಮತ್ತು ದಂಡಾಧಿಕಾರಿಗೆ ಲಿಖಿತ ವರದಿ ಕಳುಹಿಸಿ ಅದರ ಪ್ರತಿಯನ್ನು ಜನರ ಮುಂದಿಡಬೇಕು. ತಳ್ಳುಗಾಡಿಯ ಮೇಲೆ ತೋರುವ ಶೌರ್ಯದ ಹತ್ತರಲ್ಲೊಂದು ಪಾಲು ಇಲ್ಲಿ ಕಂಡರೂ ಸಾಕು.

ಸಮುದಾಯದ ಪಾಲಿನ ಕೆಲಸವೂ ಇದೆ. ಪ್ರತಿಯೊಂದು ಜಮಾಅತ್ ತನ್ನ ಮೊಹಲ್ಲಾದ ವಾಲಿದ ಗೋಡೆ, ಕಟ್ಟಿದ ಚರಂಡಿಗಳನ್ನು ಗುರುತಿಸಲಿ. ಮೊದಲು ತನ್ನ ಅಧೀನದಲ್ಲಿರುವುದನ್ನು ಸರಿಪಡಿಸಲಿ. ಉಳಿದುದಕ್ಕೆ ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಲಿ. ಓದಿದ ಯುವಕ ಯುವತಿಯರು ಓಣಿಯ ತಾಯಂದಿರ ಪರವಾಗಿ ಲೇಖನಿ ಹಿಡಿಯಲಿ. ಆ ಅರ್ಜಿಯಲ್ಲಿ ಪಕ್ಕದ ಓಣಿಯ ಹಿಂದೂ, ದಲಿತ, ಕ್ರೈಸ್ತ ಬಂಧುಗಳ ಸಹಿಯೂ ಇರಲಿ. ಕೊಳಚೆ ನೀರು ಧರ್ಮ ಕೇಳಿ ಹರಿಯುವುದಿಲ್ಲ, ಕುಸಿಯುವ ಗೋಡೆ ಜಾತಿ ನೋಡಿ ಬೀಳುವುದಿಲ್ಲ. ದಾರಿಯಲ್ಲಿ ಎಲ್ಲರೂ ಪಾಲುದಾರರೆಂದು ನಮ್ಮ ಹಿರಿಯ ವಿದ್ವಾಂಸರು ಬರೆದದ್ದು ಓದಿ ಹೆಮ್ಮೆಪಡುವುದಕ್ಕಲ್ಲ, ಬೀದಿಯಲ್ಲಿ ಆಚರಿಸುವುದಕ್ಕೆ.

ಬರುವ ಮುಂಗಾರಿನಲ್ಲಿಯೂ ಮಳೆ ಬರುತ್ತದೆ. ಕಾಗಿಣೆಯೂ ಮುಲ್ಲಾಮಾರಿಯೂ ತುಂಬುತ್ತವೆ. ಯಾವ ಗೋಡೆ ವಾಲಿದೆಯೆಂಬುದು ಓಣಿಯ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಹೇಳದವರು, ಹೇಳಿದರೂ ಕೇಳದವರು, ಕೇಳಿಯೂ ಮಾಡದವರು, ಮೂವರೂ ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಉತ್ತರಿಸಬೇಕಾದೀತು. ಆ ದಿನ ಅನುದಾನವಿರಲಿಲ್ಲವೆಂಬ ಹಿಂಬರಹ ಯಾರ ಕೈಯನ್ನೂ ಹಿಡಿಯಲಾರದು.